ತ್ರೀ ಕುಶನ್ ನೋಡುವುದಾದರೆ ಪಿಬಿಎ ಟೂರೋ, ವಿಶ್ವಕಪ್ಪೋ?

ಮೊದಲೇ ತೀರ್ಪು ಹೇಳಿಬಿಡುವುದಾದರೆ: ತ್ರೀ ಕುಶನ್ ಬಿಲಿಯರ್ಡ್ಸ್ ಆಟದ ರುಚಿ ಹತ್ತಿಸಿಕೊಳ್ಳಲು ಕೊರಿಯಾದ ವೃತ್ತಿಪರ ಟೂರ್ ಆದ ಪಿಬಿಎ ನೋಡಿ, ಆಟ ಅರ್ಥವಾಗಬೇಕೆಂದರೆ ಈ ಆಟದ ವಿಶ್ವ ಸಂಸ್ಥೆ ಯುಎಂಬಿ ನಡೆಸುವ ವಿಶ್ವಕಪ್ ನೋಡಿ. ಎರಡರಲ್ಲಿ ಒಂದಕ್ಕೆ ಮಾತ್ರ ಸಮಯವಿದ್ದರೆ ವಿಶ್ವಕಪ್‌ಗೇ ಕೊಡಿ. ಪಿಬಿಎ ಪ್ರಸಾರ ನೋಡಲು ಹೆಚ್ಚು ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಆಟದ ನಿಜವಾದ ಒತ್ತಡ ಗೊತ್ತಾಗುವುದು 50 ಪಾಯಿಂಟ್‌ಗಳ ಉದ್ದನೆಯ ಪಂದ್ಯದಲ್ಲಿ.

ನಿಯಮ ಗೊತ್ತಿಲ್ಲದವರಿಗೆ ಚುಟುಕಾಗಿ. ತೂತಿಲ್ಲದ ಮೇಜು, ಮೂರೇ ಚೆಂಡು. ಬಿಳಿ ಒಬ್ಬರದು, ಹಳದಿ ಇನ್ನೊಬ್ಬರದು, ಕೆಂಪು ಇಬ್ಬರಿಗೂ ಗುರಿ. ನಿಮ್ಮ ಚೆಂಡು ಉಳಿದೆರಡನ್ನೂ ಮುಟ್ಟಬೇಕು. ಎರಡನೆಯದನ್ನು ಮುಟ್ಟುವ ಮೊದಲು ಕನಿಷ್ಠ ಮೂರು ಸಲ ಕುಶನ್‌ಗೆ, ಅಂದರೆ ಮೇಜಿನ ಅಂಚಿನ ರಬ್ಬರ್ ದಡಕ್ಕೆ, ತಾಗಿರಬೇಕು. ಮೂರೂ ಬೇರೆ ಬೇರೆ ಕುಶನ್ ಆಗಬೇಕೆಂದೇನಿಲ್ಲ, ಒಂದೇ ಕುಶನ್‌ಗೆ ಎರಡು ಸಲ ತಾಗಿದರೂ ಎರಡೆಂದೇ ಲೆಕ್ಕ. ಮೊದಲ ಚೆಂಡಿಗೆ ಮುಂಚೆ ತಾಗಿದ ಕುಶನ್ ಕೂಡ ಲೆಕ್ಕಕ್ಕೆ ಬರುತ್ತದೆ. ಹೊಡೆತ ಕೂಡಿದರೆ ಒಂದು ಪಾಯಿಂಟ್, ಜೊತೆಗೆ ಇನ್ನೊಂದು ಹೊಡೆತ. ತಪ್ಪಿದರೆ ಎದುರಾಳಿಯ ಸರದಿ.

ಪಂಕಜ್ ಅಡ್ವಾಣಿಯವರ ಆಟ ನೋಡಿ ಬೆಳೆದ ಬೆಂಗಳೂರಿನ ಕಣ್ಣಿಗೆ ಇಲ್ಲಿ ಮೊದಲು ವಿಚಿತ್ರವೆನಿಸುವುದು ವೇಗ. ಸ್ನೂಕರ್ ಮೇಜು 12 ಅಡಿಯದು, ಚೆಂಡು 52.5 ಮಿ.ಮೀ. ತ್ರೀ ಕುಶನ್ ಮೇಜಿನ ಆಡುವ ಜಾಗ 2.84 ಮೀಟರ್ ಉದ್ದ, 1.42 ಮೀಟರ್ ಅಗಲ. ಚೆಂಡು ಮಾತ್ರ ದೊಡ್ಡದು: 61.5 ಮಿ.ಮೀ. ವ್ಯಾಸ, 205ರಿಂದ 220 ಗ್ರಾಂ ತೂಕ. ಕಲ್ಲಿನ ಹಾಸಿನ ಕೆಳಗೆ ಹೀಟರ್ ಇರುತ್ತದೆ. ಕಲ್ಲು ಬೆಚ್ಚಗಿದ್ದರೆ ಬಟ್ಟೆ ತೇವ ಹಿಡಿಯುವುದಿಲ್ಲ, ಚೆಂಡು ನಿಲ್ಲದೆ ಓಡುತ್ತದೆ. ಹಾಗಾಗಿಯೇ ಒಂದು ಹೊಡೆತಕ್ಕೆ ಐದಾರು ಕುಶನ್ ಸುತ್ತಿಬರುವುದು ಇಲ್ಲಿ ದಿನನಿತ್ಯದ ಮಾತು. ಸ್ನೂಕರ್‌ನಲ್ಲಿ ಬಿಳಿ ಚೆಂಡು ಅಷ್ಟು ಸುತ್ತಿದರೆ ಆಟಗಾರ ಎಡವಿದ್ದಾನೆ ಅಂದುಕೊಳ್ಳುತ್ತೇವೆ.

ಈಗ ವಿಶ್ವಕಪ್. ಹೆಸರು ಕೇಳಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಟೂರ್ನಿ ಅಂದುಕೊಳ್ಳಬೇಡಿ. ಇದು ವರ್ಷಕ್ಕೆ ಹಲವು ಸಲ, ಬೇರೆ ಬೇರೆ ಊರುಗಳಲ್ಲಿ ನಡೆಯುವ ಸರಣಿ. ಹೊ ಚಿ ಮಿನ್ ಸಿಟಿ, ಅಂಕಾರಾ, ಪೋರ್ಟೊ, ನೆದರ್ಲೆಂಡ್ಸ್‌ನ ವೆಗೆಲ್, ಬೊಗೋಟಾ ಇವೆಲ್ಲ ಆತಿಥ್ಯ ವಹಿಸಿದ ಊರುಗಳು. ವಿಶ್ವ ಚಾಂಪಿಯನ್‌ಷಿಪ್ ಬೇರೆ, ಅದು ವರ್ಷಕ್ಕೊಂದು. ಒಂದು ವಿಶ್ವಕಪ್ ವಾರವೆಂದರೆ ಸೋಮವಾರದಿಂದ ಅರ್ಹತಾ ಸುತ್ತುಗಳು, ವಾರದ ಕೊನೆಗೆ 32 ಮಂದಿಯ ಮುಖ್ಯ ಸುತ್ತು, ಭಾನುವಾರ ಫೈನಲ್. 32 ಮಂದಿಯನ್ನು ನಾಲ್ವರಂತೆ ಎಂಟು ಗುಂಪು ಮಾಡುತ್ತಾರೆ. ಪ್ರತಿ ಗುಂಪಿನಿಂದ ಇಬ್ಬರು ಮುಂದಕ್ಕೆ. ಗುಂಪಿನ ಪಂದ್ಯಗಳು 40 ಪಾಯಿಂಟ್‌ಗೆ, ಆಮೇಲಿನ ನಾಕೌಟ್ 50ಕ್ಕೆ. ಒಂದು ಹೊಡೆತಕ್ಕೆ 40 ಸೆಕೆಂಡ್. 50ರ ಪಂದ್ಯ ಹೆಚ್ಚುಕಡಿಮೆ ಒಂದೂವರೆ ಗಂಟೆ ಹಿಡಿಯುತ್ತದೆ. ಒಬ್ಬರು ಅರ್ಧ ದಾರಿ, ಅಂದರೆ 25 ಮುಟ್ಟಿದ ಮೇಲೆ ಐದು ನಿಮಿಷದ ವಿರಾಮ. ಕಾಫಿ ಮಾಡಿಕೊಳ್ಳಲು ಸಾಕು.

ವಾರವಿಡೀ ನೋಡುವ ಹುಮ್ಮಸ್ಸು ಬೇಡ. ಆರಂಭದ ದಿನಗಳಲ್ಲಿ ಹಲವು ಮೇಜುಗಳಲ್ಲಿ ಒಟ್ಟಿಗೆ ಆಟ ನಡೆಯುತ್ತದೆ, ಒಂದೊಂದಕ್ಕೂ ಒಂದೊಂದು ಪ್ರಸಾರ. ಯಾವುದು ಬಿಸಿಯೇರುತ್ತಿದೆ ಎಂದು ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಗುಂಪು ಹಂತದ ಕೊನೆಯ ಸುತ್ತಿನಿಂದ ಶುರುಮಾಡಿ. ಆಗ ಸೋಲು ಗೆಲುವಿನ ಜೊತೆ ಸರಾಸರಿಯ ಲೆಕ್ಕವೂ ಸೇರಿಕೊಂಡು, ಸೋಲುತ್ತಿರುವವರೂ ಒಂದೊಂದು ಪಾಯಿಂಟ್‌ಗೆ ಒದ್ದಾಡುತ್ತಾರೆ.

ಈ ಆಟದಲ್ಲಿ ಎಲ್ಲರ ಬಾಯಲ್ಲಿರುವ ಅಂಕಿ ಸರಾಸರಿಯೇ: ಗಳಿಸಿದ ಪಾಯಿಂಟ್ ಭಾಗಿಸು ಇನ್ನಿಂಗ್ಸ್, ಅಂದರೆ ಆಡಿದ ಸರದಿಗಳ ಸಂಖ್ಯೆ. 25 ಇನ್ನಿಂಗ್ಸ್‌ನಲ್ಲಿ 50 ಮುಗಿಸಿದರೆ 2.000. ಕ್ಲಬ್ ಮಟ್ಟದಲ್ಲಿ 1 ತಲುಪುವವರು ಗಟ್ಟಿ ಆಟಗಾರರು. 1.5 ಸತತವಾಗಿ ಹೊಡೆಯುವವರು ಅಂತರರಾಷ್ಟ್ರೀಯ ಮಟ್ಟದವರು. ಟೂರ್ನಿಯುದ್ದಕ್ಕೂ 2 ದಾಟಿಸುವವರು ಗೆಲ್ಲಲು ಬಂದವರು. ಪರದೆಯ ಮೂಲೆಯಲ್ಲಿ ಪಾಯಿಂಟ್ ಪಕ್ಕದಲ್ಲೇ ಇನ್ನಿಂಗ್ಸ್ ಸಂಖ್ಯೆ ಇರುತ್ತದೆ, ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. 28-19 ಎಂಬ ಸ್ಕೋರ್ ಏನೂ ಹೇಳುವುದಿಲ್ಲ. 28-19, 11 ಇನ್ನಿಂಗ್ಸ್ ಎಂದಿದ್ದರೆ ಎದ್ದು ಕೂರಬೇಕು. 24 ಇನ್ನಿಂಗ್ಸ್ ಎಂದಿದ್ದರೆ ಇಬ್ಬರೂ ತಿಣುಕುತ್ತಿದ್ದಾರೆ ಎಂದರ್ಥ.

ವಿಶ್ವಕಪ್ಪಿನ ಇನ್ನೊಂದು ದೊಡ್ಡ ಸೊಗಸು ಸಮಬಲದ ಇನ್ನಿಂಗ್ಸ್. ಗುಂಪಿನ ಪಂದ್ಯಗಳಲ್ಲಿ ಆಟ ಶುರುಮಾಡಿದವರು ಮೊದಲು 40 ಮುಟ್ಟಿದರೂ ಪಂದ್ಯ ಮುಗಿಯುವುದಿಲ್ಲ. ಚೆಂಡುಗಳನ್ನು ಆರಂಭದ ಜಾಗಗಳಲ್ಲಿಟ್ಟು ಎದುರಾಳಿಗೆ ಕೊನೆಯ ಒಂದು ಸರದಿ ಕೊಡುತ್ತಾರೆ. 40-34 ಇದ್ದಾಗ ಎದ್ದು ಹೋಗಿಬಿಟ್ಟರೆ ಆ ಪಂದ್ಯದ ಅತ್ಯುತ್ತಮ ಐದು ನಿಮಿಷ ಕೈತಪ್ಪಬಹುದು. ಆರಂಭದ ಹೊಡೆತವನ್ನು ಈ ಮಟ್ಟದವರು ಬಹುತೇಕ ತಪ್ಪಿಸುವುದಿಲ್ಲ. ಪ್ರಶ್ನೆ ಎರಡನೆಯ ಹೊಡೆತಕ್ಕೆ ಏನು ಉಳಿಯುತ್ತದೆ ಎಂಬುದು.

ಹೊಸಬರು ಎಡವುವುದು ಎಲ್ಲಿ ಎಂದರೆ, ಕಣ್ಣು ಯಾವಾಗಲೂ ಹೊಡೆದ ಚೆಂಡಿನ ಹಿಂದೆಯೇ ಓಡುತ್ತದೆ. ಅದು ಸುತ್ತಿ ಬರುತ್ತದೆ, ತಾಗುತ್ತದೆ ಅಥವಾ ಕೂದಲೆಳೆಯಲ್ಲಿ ತಪ್ಪುತ್ತದೆ, ಅಷ್ಟೇ ಕಾಣುತ್ತದೆ. ಒಂದು ಹತ್ತು ಹೊಡೆತ ಮೊದಲು ತಾಗಿದ ಚೆಂಡನ್ನೇ ಹಿಂಬಾಲಿಸಿ ನೋಡಿ. ಕೆಂಪು ಚೆಂಡು ಕೆಳಗಿನ ಗಿಡ್ಡ ಕುಶನ್ ಬಳಿ ಇದೆ, ಆಟಗಾರ ಅದರ ಹೊರಬದಿಗೆ ಹೊಡೆದು, ಅದರ ಹಿಂದಿನಿಂದ ಮೂರು ಕುಶನ್ ಸುತ್ತಿಸಿ ಹಳದಿಗೆ ತರಬೇಕು ಎಂದಿಟ್ಟುಕೊಳ್ಳಿ. ಅರ್ಧ ಚೆಂಡು, ಅಂದರೆ ಕೆಂಪಿನ ಅರ್ಧ ಭಾಗಕ್ಕಷ್ಟೇ ತಾಗುವಂತೆ, ಹೊಡೆದರೆ ಕೋನ ಸಲೀಸು. ಆದರೆ ಹಾಗೆ ಹೊಡೆದಾಗ ಕೆಂಪು ಗಿಡ್ಡ ಕುಶನ್‌ಗೆ ಬಡಿದು ಮೇಲೆ ಬಂದು, ಸರಿಯಾಗಿ ಆಟಗಾರನ ಚೆಂಡು ದಾಟುವ ಹೊತ್ತಿಗೆ ಅದೇ ದಾರಿಯಲ್ಲಿ ಅಡ್ಡ ನಿಲ್ಲುತ್ತದೆ. ಎರಡೂ ಡಿಕ್ಕಿ. ಇದನ್ನೇ ಕಿಸ್ ಎನ್ನುವುದು. ಉನ್ನತ ಮಟ್ಟದಲ್ಲಿ ತಪ್ಪುವ ಹೊಡೆತಗಳಲ್ಲಿ ದೊಡ್ಡ ಪಾಲು ಇದರದೇ. ತಪ್ಪಿಸಿಕೊಳ್ಳಲು ಆಟಗಾರನಿಗೆ ಎರಡು ದಾರಿ. ಒಂದು, ದಪ್ಪ, ಅಂದರೆ ಕೆಂಪಿನ ನಡುಭಾಗದತ್ತ ಹೊಡೆದು ಅದನ್ನು ಬೇಗ ಮುಂದಕ್ಕೆ ಅಟ್ಟಿ, ತನ್ನ ಚೆಂಡಿಗೆ ಸ್ಪಿನ್ ಹೆಚ್ಚಿಸಿ ಕೋನ ಸರಿಪಡಿಸುವುದು. ಇನ್ನೊಂದು, ತೆಳುವಾಗಿ ಸವರಿ ಕೆಂಪು ನಿಧಾನವಾಗಿ ಹಿಂದೆ ಉಳಿಯುವಂತೆ ಮಾಡಿ, ಸ್ಪಿನ್ ಕಡಿಮೆ ಮಾಡುವುದು. ಹೊಡೆಯುವ ಮೊದಲು ಆಟಗಾರ ಮೇಜಿನ ಸುತ್ತ ಬಂದು, ತನ್ನ ಚೆಂಡಿನ ಬಳಿಯಲ್ಲದೆ ಕೆಂಪಿನ ಹಿಂದೆ ನಿಂತು ನೋಡುತ್ತಿದ್ದರೆ ಈ ಲೆಕ್ಕವೇ ನಡೆಯುತ್ತಿದೆ ಎಂದು ತಿಳಿಯಿರಿ.

ಇದಕ್ಕಾಗಿಯೇ ಕ್ಯಾಮೆರಾ ಕೋನ ಮುಖ್ಯ. ಮೇಜಿನ ನೇರ ಮೇಲಿನಿಂದ ತೋರಿಸುವ ದೃಶ್ಯದಲ್ಲಿ ಮೂರೂ ಚೆಂಡುಗಳ ದಾರಿ ಒಟ್ಟಿಗೆ ಕಾಣುತ್ತದೆ. ತಗ್ಗಿನ ಕೋನದಲ್ಲಿ ದೂರದ ಕುಶನ್‌ಗೆ ಚೆಂಡು ತಾಗಿತೋ ಇಲ್ಲವೋ ಎಂಬುದೇ ಗೊತ್ತಾಗದು. ಯುಎಂಬಿ ಪ್ರಸಾರ ಹೊಡೆತ ಮುಗಿಯುವವರೆಗೂ ಮೇಲಿನ ಕೋನವನ್ನು ಹೆಚ್ಚಾಗಿ ಹಿಡಿದಿಡುತ್ತದೆ. ಪಿಬಿಎ ಆಟಗಾರನ ಮುಖ, ಕ್ಯೂ ತುದಿ, ಪ್ರೇಕ್ಷಕರು ಎಂದು ಹಾರಾಡುತ್ತದೆ. ಚಂದ ಕಾಣುತ್ತದೆ, ಕಲಿಯುವುದಕ್ಕೆ ತೊಂದರೆ. ಮೊಬೈಲಿನಲ್ಲಿ ಎರಡೂ ಕಷ್ಟ. ಈಗಿನ ಚೆಂಡುಗಳ ಮೈಮೇಲೆ ಸ್ಪಿನ್ ಕಾಣಲೆಂದೇ ಚುಕ್ಕೆಯೋ ಪಟ್ಟೆಯೋ ಇರುತ್ತದೆ. ಆ ಗುರುತು ಸುತ್ತುವುದು ಕಾಣಬೇಕಾದರೆ ಟಿವಿ ಅಥವಾ ಕನಿಷ್ಠ ಲ್ಯಾಪ್‌ಟಾಪ್ ಬೇಕು.

ಮೇಜಿನ ಅಂಚಿನ ಚುಕ್ಕೆಗಳನ್ನು ಡೈಮಂಡ್ ಎನ್ನುತ್ತಾರೆ. ಅವು ಉದ್ದದ ಬದಿಯನ್ನು ಎಂಟು, ಗಿಡ್ಡ ಬದಿಯನ್ನು ನಾಲ್ಕು ಸಮಭಾಗ ಮಾಡುತ್ತವೆ. ಆಟಗಾರರು ಕ್ಯೂ ತುದಿಯಿಂದ ಅವನ್ನು ತೋರಿಸಿಕೊಂಡು ಗುಣುಗುತ್ತಿರುವುದು ಕೂಡು ಕಳೆ ಲೆಕ್ಕ. ಐದರ ಪದ್ಧತಿ ಎಲ್ಲಕ್ಕಿಂತ ಪ್ರಚಲಿತ. ಮೂಲೆಯಿಂದ ಹೊರಡುವ ಚೆಂಡಿನ ಬೆಲೆ 50. ಎದುರಿನ ಉದ್ದದ ಕುಶನ್‌ನಲ್ಲಿ 30ರ ಚುಕ್ಕೆಗೆ ಗುರಿಯಿಟ್ಟು, ಓಟದ ದಿಕ್ಕಿಗೆ ಸ್ಪಿನ್ ಕೊಟ್ಟು ಮಧ್ಯಮ ವೇಗದಲ್ಲಿ ಹೊಡೆದರೆ ಮೂರನೆಯ ಕುಶನ್‌ನಲ್ಲಿ 20ಕ್ಕೆ ಬರುತ್ತದೆ. 50 ಕಳೆ 30, 20. ಇಷ್ಟು ತಿಳಿದುಕೊಂಡರೆ, ಕುಶನ್‌ಗೇ ಮೊದಲು ಹೊಡೆಯುವ ಬ್ಯಾಂಕ್ ಶಾಟ್‌ಗಳಲ್ಲಿ ಆಟಗಾರನಿಗಿಂತ ಮೊದಲು ಉತ್ತರ ಹೇಳುವ ಮಜಾ ನಿಮ್ಮದು. ಆದರೆ ಲೆಕ್ಕ ಸರಿಯಿದ್ದೂ ಚೆಂಡು ತಪ್ಪುವುದುಂಟು, ಕಾರಣ ಬಟ್ಟೆ. ಹೊಸ ಬಟ್ಟೆಯ ಮೇಲೆ ಚೆಂಡು ಜಾರುತ್ತದೆ, ಕುಶನ್ ಅದನ್ನು ಹಿಡಿದು ತಿರುಗಿಸುವುದಿಲ್ಲ, ದಾರಿ ಉದ್ದವಾಗುತ್ತದೆ. ದಿನಗಳೆದಂತೆ ಬಟ್ಟೆ ಸವೆದು, ಸಭಾಂಗಣದಲ್ಲಿ ಜನ ತುಂಬಿ ತೇವ ಏರಿದರೆ ಅದೇ ಹೊಡೆತ ಗಿಡ್ಡವಾಗುತ್ತದೆ. ಪಂದ್ಯದ ಮೊದಲ ನಾಲ್ಕೈದು ಇನ್ನಿಂಗ್ಸ್‌ನಲ್ಲಿ ದೊಡ್ಡವರೂ ಎರಡೆರಡು ಇಂಚು ತಪ್ಪಿಸುತ್ತಿದ್ದರೆ ಫಾರ್ಮ್ ಹೋಯಿತು ಅಂದುಕೊಳ್ಳಬೇಡಿ, ಮೇಜನ್ನು ಅಳೆಯುತ್ತಿದ್ದಾರೆ.

ಇನ್ನು ಪಿಬಿಎ. ಕೊರಿಯಾದ ಈ ವೃತ್ತಿಪರ ಟೂರ್ ಶುರುವಾಗಿದ್ದು 2019ರಲ್ಲಿ. ಮೊದಲ ಟೂರ್ನಿ ಗೆದ್ದವರು ಗ್ರೀಸ್‌ನ ಫಿಲಿಪೋಸ್ ಕಸಿಡೋಕೋಸ್ಟಾಸ್. ಟಿವಿಗೆ ಹೊಂದುವಂತೆ ಆಟವನ್ನೇ ಕತ್ತರಿಸಿ ಹೊಲಿದಿದ್ದಾರೆ. 50ರ ಬದಲು 15 ಪಾಯಿಂಟ್‌ಗಳ ಸೆಟ್‌ಗಳು, ನಿರ್ಣಾಯಕ ಸೆಟ್ 11ಕ್ಕೆ. ಫೈನಲ್‌ನಲ್ಲಿ ನಾಲ್ಕು ಸೆಟ್ ಗೆದ್ದವರು ಚಾಂಪಿಯನ್. ಸಮಬಲದ ಇನ್ನಿಂಗ್ಸ್ ಇಲ್ಲ, 15 ಮುಟ್ಟಿದರೆ ಸೆಟ್ ಮುಗಿಯಿತು. ಬ್ಯಾಂಕ್ ಶಾಟ್ ಕೂಡಿದರೆ ಎರಡು ಪಾಯಿಂಟ್.

ಈ ಎರಡು ಪಾಯಿಂಟ್ ನಿಯಮವೇ ಪಿಬಿಎಯ ಜಾಣತನ, ಅದೇ ಅದರ ತಕರಾರು ಕೂಡ. ವಿಶ್ವಕಪ್‌ನಲ್ಲಿ ಚೆಂಡಿಗೆ ಹೊಡೆಯುವ ಸಲೀಸು ದಾರಿ ಇದ್ದಾಗ ಯಾರೂ ಬ್ಯಾಂಕ್ ಶಾಟ್‌ಗೆ ಹೋಗುವುದಿಲ್ಲ. ಇಲ್ಲಿ 13-13 ಇದ್ದಾಗ ಆಟಗಾರ ಸುಲಭದ ಒಂದನ್ನು ಬಿಟ್ಟು ಕಷ್ಟದ ಎರಡಕ್ಕೆ ಕೈಹಾಕುತ್ತಾನೆ. ಕೂಡಿದರೆ ಸೆಟ್ ಕೈಗೆ. ನೋಡುವವರಿಗೆ ಹಬ್ಬ. ಆದರೆ 15ರ ಸೆಟ್‌ನಲ್ಲಿ ಒಂದು ಒಳ್ಳೆಯ ರನ್ (ಒಂದೇ ಸರದಿಯಲ್ಲಿ ಸಾಲಾಗಿ ಗಳಿಸಿದ ಪಾಯಿಂಟ್), ಎರಡು ಬ್ಯಾಂಕ್ ಶಾಟ್ ಸಾಕು; ಎದುರಾಳಿ ಕುರ್ಚಿಯಿಂದ ಏಳುವುದರೊಳಗೆ ಸೆಟ್ ಹೋಗಿರುತ್ತದೆ. ಯಾರು ಉತ್ತಮ ಆಟಗಾರ ಎಂಬುದು ಇಲ್ಲಿ ಒಂದು ಪಂದ್ಯದಲ್ಲಿ ತೀರ್ಮಾನವಾಗುವುದಿಲ್ಲ. ಮೊದಲ ಸುತ್ತುಗಳಲ್ಲಂತೂ 2-2 ಸೆಟ್ ಆದರೆ ಆರಂಭದ ಜಾಗದಿಂದ ಹೊಡೆದು ಇತ್ಯರ್ಥ. ಹಾಗಾಗಿ ದೊಡ್ಡ ಹೆಸರುಗಳು ಬೇಗ ಉದುರುತ್ತವೆ.

ಮಹಿಳೆಯರ ಆಟಕ್ಕಾದರೆ ಯೋಚನೆಯೇ ಬೇಡ, ಪಿಬಿಎಯ ಮಹಿಳಾ ಟೂರ್ ಎಲ್‌ಪಿಬಿಎ ನೋಡಿ. 9 ಬಾಲ್ ಪೂಲ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಕಿಮ್ ಗಾ ಯಂಗ್ ಇಲ್ಲಿ ಬಂದು ರಾಜ್ಯಭಾರ ಮಾಡುತ್ತಿದ್ದಾರೆ. ಕಾಂಬೋಡಿಯಾದಿಂದ ಮದುವೆಯಾಗಿ ಕೊರಿಯಾಕ್ಕೆ ಬಂದು, ಅಲ್ಲಿಯೇ ಕ್ಯೂ ಹಿಡಿದು ತಾರೆಯಾದ ಸ್ರುವೊಂಗ್ ಪಿಯಾವಿ ಇನ್ನೊಬ್ಬರು. ಇವರಿಬ್ಬರ ಪಂದ್ಯ ಸಿಕ್ಕರೆ ಬಿಡಬೇಡಿ.

ಪಿಬಿಎ ಪಂದ್ಯಗಳು ಅವರದೇ ಯೂಟ್ಯೂಬ್ ಚಾನೆಲ್‌ನಲ್ಲಿ ಸಿಗುತ್ತವೆ, ಕಾಮೆಂಟರಿ ಕೊರಿಯನ್ ಭಾಷೆಯಲ್ಲಿ. ನಾಲ್ಕು ಪದ ಕಿವಿಗೆ ಬಿದ್ದರೆ ಮುಕ್ಕಾಲು ಕೆಲಸ ಆದಂತೆ. ‘ದ್ವಿದೊಲ್ಲಿಗಿ’ ಎಂದರೆ ಮೇಲೆ ಹೇಳಿದ, ಚೆಂಡಿನ ಹಿಂದಿನಿಂದ ಸುತ್ತಿಸುವ ಹೊಡೆತ. ‘ಯೊಪ್‌ದೊಲ್ಲಿಗಿ’ ಪಕ್ಕದಿಂದ ಸುತ್ತಿಸುವುದು. ‘ದೇಹ್ವೇಜನ್’ ಎಂದಾಗ ಚೆಂಡು ಇಡೀ ಮೇಜನ್ನು ದೊಡ್ಡದಾಗಿ ಸುತ್ತಲಿದೆ. ‘ಹ್ವೇಂಗ್‌ದಾನ್’ ಎಂದರೆ ಎರಡು ಉದ್ದದ ಕುಶನ್‌ಗಳ ನಡುವೆ ಅಡ್ಡಡ್ಡ ಓಡಾಟ. ಕಿಸ್ ಮತ್ತು ಬ್ಯಾಂಕ್ ಶಾಟ್ ಅವರ ಬಾಯಲ್ಲೂ ಹೆಚ್ಚುಕಡಿಮೆ ಅದೇ. ಕಾಮೆಂಟೇಟರ್ ಹೊಡೆತಕ್ಕೆ ಮುಂಚೆ ಹೇಳಿದ ಪದವನ್ನು ಹೊಡೆತದ ಜೊತೆ ಹೊಂದಿಸಿ ನೋಡುತ್ತ ಹೋದರೆ ಎರಡು ಪಂದ್ಯದಲ್ಲಿ ರೂಢಿಯಾಗುತ್ತದೆ.

ವಿಶ್ವಕಪ್ಪನ್ನು ಈಚಿನ ವರ್ಷಗಳಲ್ಲಿ ತೋರಿಸುತ್ತಿರುವುದು ಮೊದಲು ಆಫ್ರಿಕಾಟಿವಿ ಎಂದಿದ್ದ, ಈಗ ಸೂಪ್ ಎಂದು ಹೆಸರು ಬದಲಿಸಿಕೊಂಡ ಕೊರಿಯಾದ ಸ್ಟ್ರೀಮಿಂಗ್ ವೇದಿಕೆ. ಕೋಝೂಮ್ ಎಂಬುದು ಯುರೋಪಿನ ಚಂದಾ ಸೇವೆ. ಹಳೆಯ ಪಂದ್ಯಗಳ ಹುಚ್ಚು ಹಿಡಿದವರಿಗೆ ಬಿಟ್ಟರೆ ಮಿಕ್ಕವರಿಗೆ ತುರ್ತಿಲ್ಲ. ಹುಡುಕುವಾಗ ಬರೀ ಕೇರಂ ಎಂದು ಹಾಕಿದರೆ ನಮ್ಮ ಮನೆಯ ಕೇರಂ ಬೋರ್ಡಿನ ವಿಡಿಯೊಗಳೇ ಬಂದು ಬೀಳುತ್ತವೆ, ತ್ರೀ ಕುಶನ್ ಎಂದೇ ಹುಡುಕಿ. ಹೈಲೈಟ್ಸ್‌ನಿಂದ ಮಾತ್ರ ಶುರುಮಾಡಬೇಡಿ. ಅವು ಆಯ್ದಿಡುವುದು ಏಳೆಂಟು ಕುಶನ್ ಸುತ್ತಿದ ಪವಾಡಗಳನ್ನು, ಅವುಗಳಲ್ಲಿ ಅರ್ಧ ಅದೃಷ್ಟದವು. ಕೂಡಿದ ಮೇಲೆ ಆಟಗಾರ ಎದುರಾಳಿಯತ್ತ ಕೈ ಎತ್ತಿ ತೋರಿಸಿದ್ದಾನೆಯೇ ನೋಡಿ. ಎತ್ತಿದ್ದರೆ ಅದು ಯೋಚಿಸಿದ ಹೊಡೆತವಲ್ಲ, ಕ್ಷಮೆ ಕೇಳುತ್ತಿದ್ದಾನೆ. ನಿಜವಾದ ದೊಡ್ಡ ಆಟ ನೋಡಲು ನೀರಸ: ಮೂರೂ ಚೆಂಡು ಒಂದೇ ಕಡೆ ಬಂದು ಕೂಡುತ್ತವೆ, ಹೊಡೆತಗಳು ಸುಲಭದಂತೆ ಕಾಣುತ್ತವೆ, ಸ್ಕೋರ್ ಸದ್ದಿಲ್ಲದೆ 9, 10, 11 ಎಂದು ಏರುತ್ತದೆ. ಪ್ರತಿ ಸಲವೂ ಸುಲಭದ ಹೊಡೆತವೇ ಉಳಿಯುತ್ತಿದೆ ಎಂದರೆ ಹಿಂದಿನ ಹೊಡೆತದಲ್ಲೇ ಅದನ್ನು ಇಟ್ಟುಕೊಂಡಿದ್ದಾರೆ.

ಇದಕ್ಕೆ ನೆದರ್ಲೆಂಡ್ಸ್‌ನ ಡಿಕ್ ಯಾಸ್ಪರ್ಸ್ ಆಟಕ್ಕಿಂತ ಒಳ್ಳೆಯ ಪಾಠವಿಲ್ಲ. ಐದು ಸಲ ವಿಶ್ವ ಚಾಂಪಿಯನ್: 2000, 2004, 2011, 2018, 2021. ನಿಧಾನ, ಅಳತೆ, ಪುನಃ ಅಳತೆ. ಗಡಿಯಾರದ ಕೊನೆಯ ಸೆಕೆಂಡುಗಳವರೆಗೂ ಕಾಯಿಸುತ್ತಾರೆ. ಬೆಲ್ಜಿಯಂನ ಫ್ರೆಡೆರಿಕ್ ಕೋಡ್ರಾನ್ ತದ್ವಿರುದ್ಧ, ನೀವು ಚೆಂಡು ಎಲ್ಲಿದೆ ಎಂದು ನೋಡುವುದರೊಳಗೆ ಹೊಡೆದಿರುತ್ತಾರೆ. ಸ್ವೀಡನ್ನಿನ ಟಾರ್ಬ್ಯೋರ್ನ್ ಬ್ಲೂಮ್‌ಡಾಲ್ 1987ರಲ್ಲೂ ವಿಶ್ವ ಪ್ರಶಸ್ತಿ ಗೆದ್ದವರು, 2019ರಲ್ಲೂ ಗೆದ್ದವರು. ಈಚೆಗೆ ಗಾಳಿ ಪೂರ್ವಕ್ಕೆ ತಿರುಗಿದೆ. 2023ರ ಅಂಕಾರಾ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಇಬ್ಬರೂ ವಿಯೆಟ್ನಾಮಿನವರೇ. ಬಾವೊ ಫುವೊಂಗ್ ವಿನ್ ಅವರು ಟ್ರಾನ್ ಕುಯೆಟ್ ಚಿಯೆನ್ ಅವರನ್ನು ಸೋಲಿಸಿದರು. 2024ರಲ್ಲಿ ವಿಯೆಟ್ನಾಮಿನ ನೆಲದಲ್ಲೇ ಕೊರಿಯಾದ ಚೋ ಮ್ಯುಂಗ್ ವೂ ಗೆದ್ದರು. ಹೊಸದಾಗಿ ನೋಡುವವರು ಚೋ ಅವರ ಒಂದು ಪೂರ್ಣ ಪಂದ್ಯದಿಂದ ಶುರುಮಾಡಬಹುದು. ವೇಗವೂ ಇದೆ, ಅಳತೆಯೂ ಇದೆ.

ದೂರು ಒಂದೇ, ಅದು ಎರಡೂ ಕಡೆಯವರ ಮೇಲೆ. ಪಿಬಿಎ ಹುಟ್ಟಿದಾಗಿನಿಂದ ಯುಎಂಬಿ ಜೊತೆ ಅದರ ಜಟಾಪಟಿ. ಪಿಬಿಎಗೆ ಹೋದವರಿಗೆ ಯುಎಂಬಿ ಟೂರ್ನಿಗಳ ಬಾಗಿಲು ಮುಚ್ಚಿತು. ಸ್ಪೇನಿನ ಡೇನಿಯಲ್ ಸಾಂಚೆಜ್, ಟರ್ಕಿಯ ಸೆಮಿಹ್ ಸಾಯ್ಗಿನರ್, ಕೊರಿಯಾದ ಮೊದಲ ವಿಶ್ವ ಚಾಂಪಿಯನ್ ಚೋಯ್ ಸಂಗ್ ವೊನ್ ಎಲ್ಲರೂ 2023ರಲ್ಲಿ ಆಚೆ ದಡ ಸೇರಿದರು. ಕೋಡ್ರಾನ್ ಹೋಗಿ ಮರಳಿದರು. ಹೀಗಾಗಿ ಯಾವ ಪ್ರಸಾರ ಹಾಕಿಕೊಂಡರೂ ಲೋಕದ ಅರ್ಧ ಶ್ರೇಷ್ಠರು ಅಲ್ಲಿ ಇರುವುದಿಲ್ಲ. ಪೂರ್ಣ ಊಟಕ್ಕೆ ಎರಡು ಮನೆ ಸುತ್ತಬೇಕು.

ಸಮಯದ ಲೆಕ್ಕ ನಮಗೆ ಅನುಕೂಲವೇ. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದೆ, ಅಲ್ಲಿ ರಾತ್ರಿ ಒಂಬತ್ತಾದರೆ ಇಲ್ಲಿ ಸಂಜೆ ಐದೂವರೆ. ವಿಯೆಟ್ನಾಂ ಒಂದೂವರೆ ಗಂಟೆ ಮುಂದೆ, ಟರ್ಕಿ ಎರಡೂವರೆ ಗಂಟೆ ಹಿಂದೆ. ನೆದರ್ಲೆಂಡ್ಸ್ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ನಿದ್ದೆಗೆಡಿಸುವುದು ಬೊಗೋಟಾ ಒಂದೇ, ಹತ್ತೂವರೆ ಗಂಟೆ ಹಿಂದೆ. ಅದನ್ನು ಮರುದಿನ ರೆಕಾರ್ಡಿಂಗ್‌ನಲ್ಲಿ ನೋಡಿ, ಅದಕ್ಕೆ ಮೊದಲು ಸ್ಕೋರ್ ಮಾತ್ರ ನೋಡಬೇಡಿ.